ಏಳು ತಿಂಗಳಿಗೆ ಹುಟ್ಟಿದ ಮಗು: ಒಂದೂವರೆ ವರ್ಷಕ್ಕೆ ‘ನಾರ್ಮಲ್’, ಒಂದನೇ ಕ್ಲಾಸಿನಲ್ಲಿ ಲೆಕ್ಕ ತಲೆಗೆ ಹತ್ತುತ್ತಿಲ್ಲ

ಪ್ರಶ್ನೆ: ಬಿಐಇಆರ್‌ಟಿ_ಹಾವೇರಿ (ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರು)

ಒಂದು, ಎರಡನೇ ಕ್ಲಾಸಿನ ತಪಾಸಣೆಯಲ್ಲಿ ಒಂದೇ ಬಗೆಯ ಫೈಲು ಮತ್ತೆ ಮತ್ತೆ ಎದುರಾಗುತ್ತದೆ. 29–30 ವಾರಕ್ಕೆ ಹೆರಿಗೆ, ತೂಕ 1,100–1,300 ಗ್ರಾಂ, ಐದಾರು ವಾರ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ). ಡಿಸ್ಚಾರ್ಜ್ ಚೀಟಿಯಲ್ಲಿ ‘ತಲೆ ಸ್ಕ್ಯಾನ್ ನಾರ್ಮಲ್’. ಒಂದೂವರೆ ವರ್ಷಕ್ಕೆ ಮಾಡಿದ ಡಿಎಎಸ್‌ಐಐ (ಪುಟ್ಟ ಮಕ್ಕಳ ಬೆಳವಣಿಗೆ ಅಳೆಯುವ ಪರೀಕ್ಷೆ) ಕೂಡ ನಾರ್ಮಲ್. ನಡಿಗೆ, ಮಾತು ಸರಿಯಿದೆ. ಆದರೆ ದಶಕ ದಾಟುವ ಕೂಡುವ ಲೆಕ್ಕ ಬರುವುದಿಲ್ಲ, ಬೋರ್ಡಿನಿಂದ ಬರೆದುಕೊಳ್ಳುವುದು ಅರ್ಧಕ್ಕೇ ನಿಲ್ಲುತ್ತದೆ, ಮೂರು ಕೆಲಸ ಒಟ್ಟಿಗೆ ಹೇಳಿದರೆ ಮೊದಲನೆಯದು ಮಾತ್ರ ಆಗುತ್ತದೆ. ಗಲಾಟೆ ಮಾಡದ ಮಕ್ಕಳಾದ್ದರಿಂದ ‘ಸೋಮಾರಿ’ ಎಂಬ ಹೆಸರು ಬಂದುಬಿಡುತ್ತದೆ. ಆ ‘ನಾರ್ಮಲ್’ ಅನ್ನು ಎಷ್ಟರ ಮಟ್ಟಿಗೆ ನಂಬಬೇಕು? ಈಗ ಯಾವ ಪರೀಕ್ಷೆ, ಯಾವ ಕ್ರಮದಲ್ಲಿ?

ನವಜಾತ_ವೈದ್ಯೆ

ಸ್ಕ್ಯಾನ್ ಸುಳ್ಳು ಹೇಳಿಲ್ಲ. ಅದು ನೋಡಬಲ್ಲದ್ದು ಕಡಿಮೆ. ನೆತ್ತಿಯ ಮೆತ್ತನೆ ಜಾಗದಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಕಾಣುವುದು ಮುಖ್ಯವಾಗಿ ರಕ್ತಸ್ರಾವ, ದೊಡ್ಡ ಸಿಸ್ಟ್‌ಗಳು, ಹಿಗ್ಗಿದ ವೆಂಟ್ರಿಕಲ್ (ಮೆದುಳಿನೊಳಗೆ ದ್ರವ ತುಂಬಿದ ಕೋಣೆ). ವೆಂಟ್ರಿಕಲ್ ಪಕ್ಕದ ಜರ್ಮಿನಲ್ ಮ್ಯಾಟ್ರಿಕ್ಸ್‌ನ (ಮೆದುಳಿನ ಹೊಸ ಕೋಶಗಳು ಹುಟ್ಟುವ ಪದರದ) ರಕ್ತನಾಳಗಳು ತೀರಾ ನಾಜೂಕು, ಅಲ್ಲಿ ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ 72 ಗಂಟೆಯೊಳಗೇ ಆಗುತ್ತದೆ. ಆ ರಕ್ತಸ್ರಾವದ ತೀವ್ರತೆ ಹೇಳಲು ಇವತ್ತಿಗೂ ಬಳಸುವ ಗ್ರೇಡ್ 1ರಿಂದ 4ರ ಪಟ್ಟಿ 1978ರದ್ದು.

ನಿಮ್ಮ ಮಕ್ಕಳ ಕಥೆ ಬೇರೆ. ಗರ್ಭದ ಸುಮಾರು 32 ವಾರದವರೆಗೆ ವೈಟ್ ಮ್ಯಾಟರ್‌ನಲ್ಲಿ (ಮೆದುಳಿನ ಭಾಗಗಳನ್ನು ಬೆಸೆಯುವ ನರತಂತುಗಳ ಜಾಗದಲ್ಲಿ) ಇನ್ನೂ ಮಾಗದ ಆಲಿಗೊಡೆಂಡ್ರೊಸೈಟ್ ಕೋಶಗಳೇ ತುಂಬಿರುತ್ತವೆ. ನರತಂತುಗಳಿಗೆ ಮೈಲಿನ್ ಹೊದಿಕೆ ಹಾಕಬೇಕಾದವು ಇವೇ. ಆಮ್ಲಜನಕದ ಏರಿಳಿತ, ಸೋಂಕಿನ ಉರಿಯೂತ ಎರಡನ್ನೂ ಇವು ತಾಳುವುದಿಲ್ಲ. ಕೆಲವು ಸಾಯುತ್ತವೆ, ಉಳಿದವು ಮಾಗದೆ ನಿಂತುಬಿಡುತ್ತವೆ. ತೂತು ಬೀಳುವುದಿಲ್ಲ, ಸಂಪರ್ಕ ನಿಧಾನವಾಗುತ್ತದೆ. ಈ ಹರಡಿದ ಹಾನಿ ಅಲ್ಟ್ರಾಸೌಂಡ್‌ಗೆ ಸಿಗುವುದಿಲ್ಲ. ಕಿರುಮೆದುಳೂ ಹಾಗೆಯೇ: ಗರ್ಭದ ಕೊನೆಯ ಮೂರು ತಿಂಗಳಲ್ಲಿ ಅದು ಬಹಳ ವೇಗವಾಗಿ ಬೆಳೆಯುತ್ತದೆ, ಕಿವಿಯ ಹಿಂದಿನ ಕಿಟಕಿಯಿಂದಲೂ ನೋಡದಿದ್ದರೆ ಅಲ್ಲಿನ ಸಣ್ಣ ರಕ್ತಸ್ರಾವ ತಪ್ಪಿಹೋಗುತ್ತದೆ.

ಹಾಗಾಗಿ ಚೀಟಿಯಲ್ಲಿ ಆ ಒಂದು ಸಾಲಿಗೆ ನಿಲ್ಲಬೇಡಿ. ಮೊದಲು ನೋಡಬೇಕಾದ್ದು ಗರ್ಭದ ಲೆಕ್ಕದಲ್ಲಿ 36 ವಾರ ತುಂಬಿದಾಗಲೂ ಆಮ್ಲಜನಕ ಬೇಕಿತ್ತೇ ಎಂಬುದು, ಯಾಕೆಂದರೆ ಆ ಶ್ವಾಸಕೋಶದ ತೊಂದರೆ ಮುಂದಿನ ಕಲಿಕೆಯೊಂದಿಗೆ ಬಲವಾಗಿ ತಳಕು ಹಾಕಿಕೊಂಡಿದೆ. ಆಮೇಲೆ ಸೆಪ್ಸಿಸ್ (ರಕ್ತಕ್ಕೆ ಹರಡಿದ ಸೋಂಕು), ಎನ್‌ಇಸಿ (ಕರುಳಿನ ತೀವ್ರ ಉರಿಯೂತ), ವೆಂಟಿಲೇಟರ್ ದಿನಗಳು, ಹುಟ್ಟಿದ ಮೇಲೆ ಕೊಟ್ಟ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, ತಲೆಯ ಸುತ್ತಳತೆ ಬೆಳೆದ ಗೆರೆ. ಹೆರಿಗೆಗೆ ಮುನ್ನ ತಾಯಿಗೆ ಸ್ಟಿರಾಯ್ಡ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಸಿಕ್ಕಿತ್ತೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಮೆಗ್ನೀಸಿಯಂ ಸೆರೆಬ್ರಲ್ ಪಾಲ್ಸಿಯನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ, ಲೆಕ್ಕದ ಕಷ್ಟವನ್ನು ತಗ್ಗಿಸುತ್ತದೆಂದು ಅದರಿಂದ ತೀರ್ಮಾನಿಸಬಾರದು.

ಮಕ್ಕಳ_ಮನಶ್ಶಾಸ್ತ್ರ

ಒಂದೂವರೆ ವರ್ಷದ ಪರೀಕ್ಷೆ ಅಳೆಯುವುದು ಹಿಡಿಯುವುದು, ಜೋಡಿಸುವುದು, ಮೊದಲ ಮಾತುಗಳನ್ನು. ವರ್ಕಿಂಗ್ ಮೆಮೊರಿ (ಕೆಲಸ ಮುಗಿಯುವವರೆಗೆ ಮಾಹಿತಿಯನ್ನು ತಲೆಯಲ್ಲಿ ಹಿಡಿದಿಡುವ ಶಕ್ತಿ) ಆ ವಯಸ್ಸಿನಲ್ಲಿ ಕೇಳಿದರೂ ಸಿಗದು. ತಪ್ಪು ಎರಡೂ ಕಡೆಗೆ ಆಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ (2005) 20 ತಿಂಗಳಿಗೆ 39% ಮಕ್ಕಳ ಬುದ್ಧಿ ಬೆಳವಣಿಗೆಯ ಅಂಕ 70ಕ್ಕಿಂತ ಕೆಳಗಿತ್ತು, 8 ವರ್ಷಕ್ಕೆ 16% ಮಾತ್ರ. ಬೇಗ ಹಾಕಿದ ‘ಬುದ್ಧಿಮಾಂದ್ಯ’ ಎಂಬ ಮುದ್ರೆಯೂ ಅಷ್ಟೇ ಅಪಾಯಕಾರಿ.

ಅತಿ ಬೇಗ ಹುಟ್ಟಿದ ಮಕ್ಕಳ ಐಕ್ಯೂ ಸರಾಸರಿ ಸುಮಾರು 13 ಅಂಕ ಕಡಿಮೆ. ಆದರೂ ಬಹಳಷ್ಟು ಮಕ್ಕಳು ಸಾಮಾನ್ಯ ಪಟ್ಟಿಯೊಳಗೇ ಇರುತ್ತಾರೆ, ಅಲ್ಲೇ ನಾವು ಮೋಸಹೋಗುವುದು. ಎಂಐಎಸ್‌ಐಸಿ (ಭಾರತೀಯ ಮಕ್ಕಳ ಐಕ್ಯೂ ಪರೀಕ್ಷೆ) ಮಾಡಿಸಿದರೆ ಒಟ್ಟು ಅಂಕ ಓದಿ ಫೈಲು ಮುಚ್ಚಬೇಡಿ. ಡಿಜಿಟ್ ಸ್ಪ್ಯಾನ್ (ಕೇಳಿದ ಅಂಕಿಗಳನ್ನು ತಿರುಗಿ ಹೇಳುವುದು), ಕೋಡಿಂಗ್ (ಚಿಹ್ನೆಗಳನ್ನು ಬೇಗ ನಕಲಿಸುವುದು), ಬ್ಲಾಕ್ ಡಿಸೈನ್ (ಘನಗಳಿಂದ ವಿನ್ಯಾಸ ಜೋಡಿಸುವುದು) ಈ ಮೂರನ್ನು ಬಿಡಿಯಾಗಿ ನೋಡಿ. ಮಾತಿನ ಉಪಪರೀಕ್ಷೆಗಳು ಚೆನ್ನಾಗಿದ್ದು ಇವು ಕುಸಿದಿದ್ದರೆ ನೀವು ಹೇಳಿದ ಮಗುವೇ ಅದು.

ಕ್ರಮ ಕೇಳಿದ್ದೀರಿ. ಎಲ್ಲಕ್ಕಿಂತ ಮೊದಲು ಕಣ್ಣು, ಕಿವಿ. ಆರ್‌ಒಪಿಗೆ (ಬೇಗ ಹುಟ್ಟಿದ ಮಕ್ಕಳಿಗೆ ಬರುವ ಅಕ್ಷಿಪಟದ ತೊಂದರೆಗೆ) ಲೇಸರ್ ಆದ ಮಕ್ಕಳಲ್ಲಿ ದೂರದ್ದು ಮಸುಕಾಗುವ ದೋಷ ಸಾಮಾನ್ಯ. ನಮ್ಮಲ್ಲಿ ಆರ್‌ಒಪಿ ತಪಾಸಣೆ ಮಾಡುವ ಕಿಡ್‌ರಾಪ್ ತಂಡ ನೋಡಿದ್ದರೆ ಆ ದಾಖಲೆ ಕೇಳಿ ಪಡೆಯಿರಿ. ಕಿವಿಗೆ ಒಎಇ (ಒಳಕಿವಿಯನ್ನಷ್ಟೇ ನೋಡುವ ಪರೀಕ್ಷೆ) ಪಾಸ್ ಆಗಿದ್ದರೆ ಸಾಲದು, ಶ್ರವಣ ನರದ ತೊಂದರೆ ಅದರಲ್ಲಿ ತಪ್ಪಿಹೋಗುತ್ತದೆ. ಶಬ್ದಕ್ಕೆ ನರ ಮತ್ತು ಮೆದುಳುಕಾಂಡ ಸ್ಪಂದಿಸುವುದನ್ನು ಅಳೆಯುವ ಬೇರಾ ಬೇಕು. ಡಿಇಐಸಿ (ಜಿಲ್ಲಾ ಶೀಘ್ರ ಪತ್ತೆ-ಚಿಕಿತ್ಸಾ ಕೇಂದ್ರ) ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿ. ನಂತರ ಎಂಐಎಸ್‌ಐಸಿ, ಜೊತೆಗೆ ನಿಮ್ಹಾನ್ಸ್‌ನ ಎಸ್‌ಎಲ್‌ಡಿ (ನಿರ್ದಿಷ್ಟ ಕಲಿಕಾ ದೋಷ) ಪರೀಕ್ಷೆಗಳ ಬ್ಯಾಟರಿಯ 5–7 ವರ್ಷದ ಹಂತ. ಎಸ್‌ಎಲ್‌ಡಿ ಪ್ರಮಾಣಪತ್ರಕ್ಕೆ ಮೂರನೇ ಕ್ಲಾಸು ಅಥವಾ 8 ವರ್ಷದವರೆಗೆ ಕಾಯಬೇಕಾಗುತ್ತದೆ, ಸಹಾಯ ಕಾಯಬಾರದು.

ಇನ್ನೊಂದು ಲೆಕ್ಕ. 29 ವಾರಕ್ಕೆ, ಏಪ್ರಿಲ್ 30ರಂದು ಹುಟ್ಟಿದ ಮಗು ತಿಂಗಳು ತುಂಬಿ ಹುಟ್ಟಿದ್ದರೆ ಜುಲೈ 16ಕ್ಕೆ ಹುಟ್ಟಬೇಕಿತ್ತು. ಜೂನ್ 1ಕ್ಕೆ ವಯಸ್ಸು ಎಣಿಸುವ ಶಾಲೆಯಲ್ಲಿ ಅದು ತನಗಿಂತ ಒಂದು ವರ್ಷ ಮುಂದಿನ ಬ್ಯಾಚಿನಲ್ಲಿ ಕೂತಿದೆ.

ಫಿಸಿಯೋ_ಧಾರವಾಡ

ನಡಿಗೆ ಸರಿಯಿದೆ ಎಂದಿರಿ. ಬರಿಗಾಲಲ್ಲಿ ಓಡಿಸಿ ನೋಡಿದ್ದೀರಾ? ಕಾಲಿಗೆ ಹೋಗುವ ನರತಂತುಗಳು ವೆಂಟ್ರಿಕಲ್‌ಗೆ ಅಂಟಿಕೊಂಡೇ ಇಳಿಯುತ್ತವೆ, ಹಾನಿ ಮೊದಲು ತಟ್ಟುವುದು ಅವಕ್ಕೇ. ಹಗುರವಾದ ಡೈಪ್ಲೀಜಿಯಾ (ಎರಡೂ ಕಾಲಿನ ಬಿಗಿತ) ಓಡುವಾಗ ಮಾತ್ರ ತುದಿಗಾಲಾಗಿ ಕಾಣುತ್ತದೆ. ಮೊಣಕಾಲು ನೇರವಿಟ್ಟು ಪಾದ ಮೇಲಕ್ಕೆ ಮಡಚಿ, ಮೀನಖಂಡ ಬಿಗಿಯಿದೆಯೇ ನೋಡಿ. ಒಂಟಿಕಾಲಲ್ಲಿ ನಿಲ್ಲುವುದು, ಚೆಂಡು ಹಿಡಿಯುವುದು, ಗುಂಡಿ ಹಾಕುವುದು ಕೂಡ. ಒಂದು ಎಂಆರ್‌ಐ ಮಾಡಿಸಿಬಿಡುವುದು ಒಳ್ಳೆಯದು.

ನವಜಾತ_ವೈದ್ಯೆ

ಬಿಗಿತ ಇದ್ದರೆ, ಒಂದೇ ಕೈ ಬಳಸುತ್ತಿದ್ದರೆ, ಫಿಟ್ಸ್ ಇದ್ದರೆ ಖಂಡಿತ. ಇವು ಯಾವುವೂ ಇಲ್ಲದ ಆರು ವರ್ಷದ ಮಗುವಿಗೆ ಬೇಡ. ಎಷ್ಟೋ ಸಲ ಮಂಪರು ಬರಿಸುವ ಔಷಧ ಕೊಡಬೇಕಾಗುತ್ತದೆ, ವರದಿ ಏನೇ ಬಂದರೂ ಕ್ಲಾಸಿನಲ್ಲಿ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ.

ವಿಶೇಷ_ಶಿಕ್ಷಕಿ

ಆ ಕೆಲಸದ ಬಗ್ಗೆ. ಬ್ರಿಟನ್‌ನಲ್ಲಿ ಅತಿ ಬೇಗ ಹುಟ್ಟಿದ 8–10 ವರ್ಷದ ಮಕ್ಕಳ ಮೇಲೆ ನಡೆದ ಅಧ್ಯಯನ (2015) ತೋರಿಸಿದ್ದು: ಇವರ ಗಣಿತದ ಕಷ್ಟ ಡಿಸ್ಕ್ಯಾಲ್ಕುಲಿಯಾದಂತೆ (ಗಣಿತದ ಕಲಿಕಾ ದೋಷದಂತೆ) ಸಂಖ್ಯೆಯ ಅರಿವಿನದಲ್ಲ, ವರ್ಕಿಂಗ್ ಮೆಮೊರಿ ಮತ್ತು ಜಾಗ-ಆಕಾರದ ಗ್ರಹಿಕೆಯದು. ಹಾಗಾಗಿ ಮಗ್ಗಿ ಹೆಚ್ಚು ಉರುಹೊಡೆಸಿ ಪ್ರಯೋಜನವಿಲ್ಲ. ತಲೆಯಲ್ಲಿ ಹಿಡಿದಿಡಬೇಕಾದ ಹೊರೆಯನ್ನು ಮೇಜಿನ ಮೇಲೆ ಇಳಿಸಿ. 8+5ಕ್ಕೆ ಹತ್ತು ಕಡ್ಡಿಯ ಕಟ್ಟು ಮತ್ತು ಬಿಡಿ ಕಡ್ಡಿ ಕೊಡಿ, 8ಕ್ಕೆ 2 ಸೇರಿಸಿ ರಬ್ಬರ್ ಬ್ಯಾಂಡ್ ಹಾಕಲಿ, ಉಳಿದ 3 ಪಕ್ಕದಲ್ಲಿರಲಿ. ಬೇರೆ ಮಕ್ಕಳು ಬಿಟ್ಟ ಮೇಲೂ ಇವರಿಗೆ ಕಡ್ಡಿ ಬಿಡಿಸಬೇಡಿ. ಕಾಲಂ ತಪ್ಪದಂತೆ ಚೌಕುಳಿ ಪುಸ್ತಕ. ಬೋರ್ಡಿನಲ್ಲಿರುವುದನ್ನು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ. ಹತ್ತು ಲೆಕ್ಕದ ಬದಲು ಐದು. ಒಂದು ಸಲಕ್ಕೆ ಒಂದೇ ಸೂಚನೆ, ಅದನ್ನು ಮಗು ತನ್ನ ಮಾತಲ್ಲಿ ತಿರುಗಿ ಹೇಳಲಿ.

‘ಸೋಮಾರಿ’ ಎನ್ನುವ ಟೀಚರಿಗೆ ಇಷ್ಟು ತಿಳಿಸಿ: ಈ ಮಕ್ಕಳಲ್ಲಿ ಗಮನದ ಕೊರತೆ ಹೆಚ್ಚಾಗಿ ಚೇಷ್ಟೆಯಿಲ್ಲದೆ ಬರುತ್ತದೆ, ಜೊತೆಗೆ ಆತಂಕವೂ ಇರುತ್ತದೆ. ಎರಡನೇ ಸಾಲಿನಿಂದ ಮೊದಲ ಸಾಲಿಗೆ, ಕಿಟಕಿಯಿಂದ ದೂರಕ್ಕೆ ಕೂರಿಸಲಿ. ಆರು ವಾರ ಹೀಗೆ ನಡೆಸಿ, ಅದೇ ಐದು ಲೆಕ್ಕವನ್ನು ಕಡ್ಡಿ ಇಟ್ಟು ಒಮ್ಮೆ, ಇಡದೆ ಒಮ್ಮೆ ಮಾಡಿಸಿ, ಎರಡು ಹಾಳೆಯನ್ನೂ ಫೈಲಿಗೆ ಸೇರಿಸಿ. ಎಂಐಎಸ್‌ಐಸಿ ಮಾಡುವವರಿಗೆ ಆ ಎರಡು ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.