ಗ್ಯಾಲಪಗೋಸ್‌ಗೆ ಹನ್ನೆರಡು ಜನ: ಹಡಗಿನಲ್ಲೇ ಇರುವುದಾ, ದ್ವೀಪದಲ್ಲಿ ರೂಮ್ ಮಾಡುವುದಾ?

ಕಗ್ಗಲಡು ಕೊಕ್ಕರೆ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನಲ್ಲಿ ಹಕ್ಕಿ ನೋಡುವ ಹುಚ್ಚು ಇರುವ ಸಣ್ಣ ಗುಂಪು. ರಜೆ ಸಿಕ್ಕರೆ ಕಗ್ಗಲಡುವಿನ ಬಣ್ಣದ ಕೊಕ್ಕರೆ, ಮೈದನಹಳ್ಳಿಯ ಕೃಷ್ಣಮೃಗ, ಇಲ್ಲಾ ದೇವರಾಯನದುರ್ಗದ ಕಾಡು. ಈಗ ಚೀಟಿ ಹಾಕಿ ದುಡ್ಡು ಕೂಡಿಸಿ ದಕ್ಷಿಣ ಅಮೆರಿಕದ ಎಕ್ವಡಾರ್ ದೇಶಕ್ಕೆ ಸೇರಿದ ಗ್ಯಾಲಪಗೋಸ್ ದ್ವೀಪಗಳಿಗೆ ಹೊರಟಿದ್ದೇವೆ. ಒಟ್ಟು ಹನ್ನೆರಡು ಜನ. ಅತ್ತೆ ಮಾವ ಇಬ್ಬರೂ ಅರವತ್ತೈದು ದಾಟಿದವರು, ಅಣ್ಣನ ಮಗಳಿಗೆ ಹತ್ತು ವರ್ಷ, ಅರ್ಧಕ್ಕಿಂತ ಜಾಸ್ತಿ ಜನ ಸಸ್ಯಾಹಾರಿಗಳು.

ಜಗಳ ಇರುವುದು ಒಂದೇ ವಿಷಯಕ್ಕೆ. ಕೆಲವರು ಹಡಗಿನಲ್ಲೇ ಮಲಗಿ ಎದ್ದು ದ್ವೀಪದಿಂದ ದ್ವೀಪಕ್ಕೆ ಹೋಗುವ ಕ್ರೂಸ್ ಬೇಕು ಅನ್ನುತ್ತಾರೆ. ಉಳಿದವರು ಊರಲ್ಲಿ ರೂಮ್ ಮಾಡಿ ದಿನಾ ಬೋಟಿನಲ್ಲಿ ಹೋಗಿ ಬರೋಣ, ಖರ್ಚೂ ಕಡಿಮೆ, ರಾತ್ರಿ ನಿದ್ದೆಯಾದರೂ ಬರುತ್ತದೆ ಅನ್ನುತ್ತಾರೆ. ನನಗೆ ಬೇಕಿರುವುದು ಎರಡು. ಒಂದು, ಹಾರಲು ಬಾರದ ನೀರುಕಾಗೆ. ನಮ್ಮ ಕೆರೆ ಏರಿಯ ಮೇಲೆ ರೆಕ್ಕೆ ಚಾಚಿ ಬಿಸಿಲಿಗೆ ಕೂರುವ ನೀರುಕಾಗೆಯನ್ನು ಚಿಕ್ಕಂದಿನಿಂದ ನೋಡಿದವಳು ನಾನು, ಅದೇ ಬಳಗದ ಹಕ್ಕಿಯೊಂದು ಹಾರುವುದನ್ನೇ ಬಿಟ್ಟಿದೆ ಅಂದರೆ ಅದನ್ನು ಕಣ್ಣಾರೆ ನೋಡದೆ ವಾಪಸ್ ಬರಲು ಮನಸ್ಸಿಲ್ಲ. ಇನ್ನೊಂದು, ಲಾವಾ ಮೇಲೆ ನಡೆಯಬೇಕು. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ತಿಪಟೂರು ಕಡೆಯವನು

ಮೇಡಂ, ನೀವು ನೀರುಕಾಗೆ ಅಂದ ತಕ್ಷಣ ಅರ್ಧ ಉತ್ತರ ಸಿಕ್ಕಿತು. ಆ ಹಕ್ಕಿ ಇಡೀ ಪ್ರಪಂಚದಲ್ಲಿ ಇರುವುದು ಫರ್ನಾಂಡಿನಾ ದ್ವೀಪದಲ್ಲಿ, ಮತ್ತು ಇಸಬೆಲಾ ದ್ವೀಪದ ಪಶ್ಚಿಮ, ಉತ್ತರದ ದಡಗಳಲ್ಲಿ. ಫರ್ನಾಂಡಿನಾದಲ್ಲಿ ಊರೂ ಇಲ್ಲ, ರೂಮೂ ಇಲ್ಲ. ಅಲ್ಲಿಗೆ ಕ್ರೂಸ್ ಬೇಕೇ ಬೇಕು.

ಆದರೆ ಯಾವುದೋ ಒಂದು ಕ್ರೂಸ್ ಹಿಡಿದರೆ ಆಗುವುದಿಲ್ಲ. ಯಾವ ಹಡಗು ಯಾವ ದಿನ ಎಲ್ಲಿ ಜನರನ್ನು ಇಳಿಸಬೇಕು ಅನ್ನುವುದನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನವೇ ಗೊತ್ತು ಮಾಡುತ್ತದೆ, ಒಂದು ಹಡಗು ಒಂದು ಜಾಗಕ್ಕೆ ಹೋದರೆ ಹದಿನಾಲ್ಕು ದಿನದೊಳಗೆ ಮತ್ತೆ ಅಲ್ಲಿಗೆ ಹೋಗುವಂತಿಲ್ಲ, ಹಾಗಾಗಿ ಅದೇ ಹಡಗು ಈ ವಾರ ಪಶ್ಚಿಮಕ್ಕೆ ಹೋದರೆ ಮುಂದಿನ ವಾರ ಬೇರೆ ಕಡೆ ಹೋಗುತ್ತದೆ. ಅಲ್ಲಿ ಹೋದಮೇಲೆ ಕ್ಯಾಪ್ಟನ್ ಹತ್ತಿರ ಎಷ್ಟು ಕೇಳಿಕೊಂಡರೂ ದಾರಿ ಬದಲಾಗುವುದಿಲ್ಲ. ಏಜೆನ್ಸಿಯವರು ಕಳಿಸುವ ಕ್ಯಾಬಿನ್ ಫೋಟೊ, ಊಟದ ಫೋಟೊ ಪಕ್ಕಕ್ಕಿಡಿ. ಇಳಿಯುವ ಜಾಗಗಳ ಪಟ್ಟಿ ಕೇಳಿ. ಅದರಲ್ಲಿ ಫರ್ನಾಂಡಿನಾದ ಪುಂತಾ ಎಸ್ಪಿನೋಸಾ, ಇಸಬೆಲಾದ ಟಾಗಸ್ ಕೋವ್ ಇದ್ದರೆ ಮಾತ್ರ ಮುಂದಿನ ಮಾತು.

ಹದಿನಾರು ಜನರ ಸಣ್ಣ ಹಡಗು ತೆಗೆದುಕೊಳ್ಳಿ. ಒಬ್ಬ ಗೈಡ್‌ಗೆ ಹದಿನಾರು ಜನ ಅನ್ನುವುದು ಲೆಕ್ಕ, ನೀವೇ ಮುಕ್ಕಾಲು ಹಡಗು ತುಂಬಿರುತ್ತೀರಿ. ನೂರು ಜನರ ಹಡಗುಗಳೂ ಇವೆ, ಅವು ಕಡಿಮೆ ಅಲುಗಾಡುತ್ತವೆ ನಿಜ, ಆದರೆ ಇಳಿಯುವಾಗ ಹತ್ತುವಾಗ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಸಣ್ಣ ಹಡಗೇ ನನ್ನ ಆಯ್ಕೆ.

ಅತ್ತೆ ಮಾವನವರ ವಿಷಯ ಬೇರೆ. ಹಡಗು ಓಡುವುದೇ ರಾತ್ರಿ ಹೊತ್ತು, ಅಲೆ ಜೋರಿದ್ದರೆ ಮಲಗಿದ್ದವರೂ ಉರುಳುತ್ತಾರೆ. ದಡಕ್ಕೆ ಹೋಗುವುದು ರಬ್ಬರ್ ಬೋಟಿನಲ್ಲಿ, ಕೆಲವು ಕಡೆ ಮೊಣಕಾಲು ನೀರಿಗೇ ಇಳಿಯಬೇಕು. ಅವರ ಜೊತೆ ಒಬ್ಬಿಬ್ಬರು ನಿಂತು ಇಸಬೆಲಾದ ಪುಯೆರ್ಟೊ ವಿಯಾಮಿಲ್ ಊರಲ್ಲಿ ರೂಮ್ ಮಾಡಲಿ. ಪಕ್ಕದಲ್ಲೇ ಟಿಂಟೊರೆರಾಸ್ ಅನ್ನುವ ಪುಟ್ಟ ನಡುಗಡ್ಡೆಗಳಿವೆ, ಬೋಟಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಸಮುದ್ರದ ಇಗ್ವಾನಾ ಅನ್ನುವ ದೊಡ್ಡ ಹಲ್ಲಿಯಂಥ ಪ್ರಾಣಿಗಳು ಕಪ್ಪು ಲಾವಾ ಮೇಲೆ ಗುಂಪಾಗಿ ಬಿದ್ದಿರುತ್ತವೆ, ಪೆಂಗ್ವಿನ್ ಕೂಡ ಸಿಗುತ್ತದೆ. ಭೂಮಧ್ಯರೇಖೆಯ ಹತ್ತಿರ ಪೆಂಗ್ವಿನ್ ಬದುಕಿರುವುದೇ ಹಂಬೋಲ್ಟ್ ಅನ್ನುವ ತಣ್ಣನೆಯ ಸಮುದ್ರ ಪ್ರವಾಹ ಮತ್ತು ಆಳದಿಂದ ಮೇಲೇಳುವ ತಣ್ಣೀರಿನಿಂದ. ಇನ್ನು ಸಾಂತಾ ಕ್ರೂಸ್ ದ್ವೀಪದ ಮೇಲ್ಭಾಗದಲ್ಲಿ ದೈತ್ಯ ಆಮೆಗಳು ಹುಲ್ಲು ಮೇಯುತ್ತಾ ಓಡಾಡಿಕೊಂಡಿರುತ್ತವೆ. ಹಿರಿಯರಿಗೆ ಇಷ್ಟು ಸಾಕಷ್ಟಾಯಿತು.

ಕೆಜಿಎಫ್ ಕಲ್ಲು, ಕೋಲಾರ

ಲಾವಾ ಬಗ್ಗೆ ನಾನು ಹೇಳುತ್ತೇನೆ.

ನಡೆಯಲು ಎರಡು ಜಾಗ. ಒಂದು ಸಾಂತಿಯಾಗೊ ದ್ವೀಪದ ಸಲಿವನ್ ಬೇ. ಅಲ್ಲಿ ಲಾವಾ ಹಗ್ಗ ಸುತ್ತಿಟ್ಟ ಹಾಗೆ ಮಡಿಕೆ ಮಡಿಕೆಯಾಗಿ ಗಟ್ಟಿಯಾಗಿದೆ, ಗಿಡಗಂಟಿ ತೀರಾ ಕಡಿಮೆ. ಎರಡನೆಯದು ಇಸಬೆಲಾದ ಸಿಯೆರಾ ನೆಗ್ರಾ ಜ್ವಾಲಾಮುಖಿ. ಅದರ ಬಾಯಿ ಸುಮಾರು 10 ಕಿ.ಮೀ. ಅಗಲ, 2018ರಲ್ಲಿ ಉಕ್ಕಿತ್ತು. ಅಂಚಿನ ಮೇಲೆ ನಡೆದು ವೊಲ್ಕಾನ್ ಚಿಕೊ ತನಕ ಹೋಗಿ ಬರಲು ಸುಮಾರು 16 ಕಿ.ಮೀ. ಆಗುತ್ತದೆ, ನೆರಳಿಲ್ಲ, ನೀರು ಜಾಸ್ತಿ ಒಯ್ಯಿರಿ. ಇದಕ್ಕೆ ಕ್ರೂಸ್ ಬೇಕಿಲ್ಲ, ವಿಯಾಮಿಲ್ ಊರಿಂದಲೇ ಗೈಡ್ ಜೊತೆ ಹೋಗಬಹುದು. ಹಾಗಾಗಿ ಕ್ರೂಸ್ ಮುಗಿದ ಮೇಲೆ ಎಲ್ಲರೂ ಇಸಬೆಲಾದಲ್ಲೇ ಸೇರಿಕೊಳ್ಳಿ, ಅತ್ತೆ ಮಾವನವರೂ ಅಲ್ಲೇ ಇರುತ್ತಾರಲ್ವಾ.

ಹೋಗುವ ಮುಂಚೆ ಒಂದು ವಿಷಯ ತಿಳಿದುಕೊಂಡರೆ ನೋಡುವ ಕಣ್ಣೇ ಬದಲಾಗುತ್ತದೆ. ಅಲ್ಲಿ ನೆಲದ ಆಳದಲ್ಲಿ ಕರಗಿದ ಕಲ್ಲು ಮೇಲೇಳುವ ಒಂದು ಬಿಸಿ ಚುಕ್ಕೆ ಇದೆ, ಅದರ ಮೇಲೆ ನಾಸ್ಕಾ ಫಲಕ ಅನ್ನುವ ಭೂಮಿಯ ಹೊರಪದರದ ದೊಡ್ಡ ತುಂಡು ಪೂರ್ವಕ್ಕೆ ಸರಿಯುತ್ತಾ ಇದೆ. ಚುಕ್ಕೆಯ ಮೇಲೆ ಹುಟ್ಟಿದ ದ್ವೀಪ ನಿಧಾನವಾಗಿ ಪೂರ್ವಕ್ಕೆ ಸಾಗುತ್ತದೆ, ಸವೆಯುತ್ತದೆ, ಮುಳುಗುತ್ತದೆ. ಅದಕ್ಕೇ ಪಶ್ಚಿಮದ ಫರ್ನಾಂಡಿನಾ ಇನ್ನೂ ಎಳೆಯದು, 2024ರ ಮಾರ್ಚ್‌ನಲ್ಲೂ ಉಕ್ಕಿದೆ. ಪೂರ್ವದ ಎಸ್ಪನೋಲಾ, ಸಾನ್ ಕ್ರಿಸ್ತೊಬಲ್ ಹಳೆಯವು. ಹಳೆಯವು ಅಂದರೂ ಕೆಲವೇ ದಶಲಕ್ಷ ವರ್ಷ.

ನಮ್ಮ ಕೋಲಾರದ ಚಿನ್ನದ ಪಟ್ಟಿಯ ಕಪ್ಪು ಕಲ್ಲು ಕೂಡ ಒಂದು ಕಾಲಕ್ಕೆ ಲಾವಾನೇ. ವಯಸ್ಸು ಸುಮಾರು 270 ಕೋಟಿ ವರ್ಷ. ಅದೇ ಕಲ್ಲಿನ ನಡುವಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಸಿಕ್ಕಿದ್ದು, ನಮ್ಮ ತಾತಂದಿರು ಮೂರು ಕಿಲೋಮೀಟರ್ ಆಳಕ್ಕೆ ಇಳಿದಿದ್ದು ಅದಕ್ಕೇ. ತುಮಕೂರಿನವರಾದ ನಿಮಗೆ ಇನ್ನೊಂದು ಮಾತು: ಪಾವಗಡದ ಬೆಟ್ಟ ಜ್ವಾಲಾಮುಖಿ ಅಂತ ಸುಮಾರು ಜನ ಹೇಳುತ್ತಾರೆ, ಅಲ್ಲ. ಅದು ನೆಲದೊಳಗೇ ತಣ್ಣಗಾದ ಗ್ರಾನೈಟ್, ರಾಮನಗರದ ಕಡೆಯಿಂದ ಬರುವ ಕ್ಲೋಸ್‌ಪೇಟೆ ಸಾಲಿನದು. ಹೊರಡುವ ಮುಂಚೆ ಒಂದು ದಿನ ಕೆಜಿಎಫ್ ಕಡೆ ಬನ್ನಿ, ಕರಗಿದ ಕಲ್ಲಿನ ಎಳೆಯ ಮುಖ ನೋಡುವ ಮೊದಲು ಮುದಿ ಮುಖ ನೋಡಿಕೊಂಡು ಹೋಗಿ.

ಒಂದು ಚೂರು ಲಾವಾ ಕೂಡ ಜೇಬಿಗೆ ಹಾಕಬೇಡಿ. ಅಲ್ಲಿ ನಿಷೇಧ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ತಂಗಿ, ಎಲ್ಲರೂ ಹಕ್ಕಿ, ಕಲ್ಲು ಅಂತಿದ್ದಾರೆ, ನಾನು ಕಾಗದ ಪತ್ರದ ಮಾತು ಹೇಳುತ್ತೇನೆ.

ಮೊದಲು ಹಳದಿ ಜ್ವರದ ಲಸಿಕೆ. ಎಕ್ವಡಾರ್‌ನಿಂದ ವಾಪಸ್ ಬರುವಾಗ ನಮ್ಮ ದೇಶದವರೇ ಆ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಹಾಕಿಸಿ ಹತ್ತು ದಿನ ಆದಮೇಲೆ ಕಾರ್ಡ್‌ಗೆ ಬೆಲೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ, ಹಾಗಾಗಿ ಅತ್ತೆ ಮಾವನವರನ್ನು ಅವರ ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದಮೇಲೇ ಟಿಕೆಟ್ ಮಾಡಿ. ಟಿಕೆಟ್ ಮಾಡಿ ಆಮೇಲೆ ಕೇಳುವುದು ಬೇಡ. ಡಾಕ್ಟರ್ ಬೇಡ ಅಂದರೆ ಅವರಿಬ್ಬರಿಗೆ ಅಂಡಮಾನ್ ಪ್ರವಾಸ ಬೇರೆಯಾಗಿ ಮಾಡಿಕೊಡಿ, ಬಾರಾಟಾಂಗ್‌ನಲ್ಲಿ ಕೆಸರು ಉಕ್ಕುವ ಜ್ವಾಲಾಮುಖಿ ಇದೆ.

ನಮ್ಮ ಪಾಸ್‌ಪೋರ್ಟ್‌ಗೆ 2019ರಿಂದ ಎಕ್ವಡಾರ್ ವೀಸಾ ಬೇಕು. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಿಸುವುದಕ್ಕೂ ಅವರ ವೀಸಾ ಬೇಕು. ದ್ವೀಪಕ್ಕೆ ವಿಮಾನ ಕೀಟೊದಿಂದಲೂ ಇದೆ, ಗ್ವಾಯಾಕಿಲ್‌ನಿಂದಲೂ ಇದೆ. ಕೀಟೊ 2,850 ಮೀಟರ್ ಎತ್ತರ, ಹಿರಿಯರಿಗೆ ಉಸಿರು ಕಟ್ಟಬಹುದು, ಗ್ವಾಯಾಕಿಲ್ ಸಮುದ್ರದ ಮಟ್ಟದಲ್ಲಿದೆ, ಅದೇ ಮೇಲು. ಉದ್ಯಾನದ ಪ್ರವೇಶ 2024ರ ಆಗಸ್ಟ್‌ನಿಂದ ದೊಡ್ಡವರಿಗೆ 200 ಡಾಲರ್, ಹನ್ನೆರಡರೊಳಗಿನ ಮಕ್ಕಳಿಗೆ 100. ನಗದು ಇಟ್ಟುಕೊಳ್ಳಿ, ಅಲ್ಲಿ ನಡೆಯುವುದೇ ಅಮೆರಿಕನ್ ಡಾಲರ್.

ಊಟಕ್ಕೆ ಭಯ ಬೇಡ. ಅನ್ನದ ಜೊತೆ ಮೆನೆಸ್ತ್ರಾ ಅಂತ ಕಾಳಿನ ಗೊಜ್ಜು, ಬಾಳೆಕಾಯಿ ಕರಿದದ್ದು ಎಲ್ಲಾ ಕಡೆ ಸಿಗುತ್ತದೆ, ಮಾಂಸ ಹಾಕಿಲ್ಲವಾ ಅಂತ ಕೇಳಿಯೇ ತಿನ್ನಿ. ಹಣ್ಣು, ಹಸಿ ಕರಿಬೇವು, ಮೊಳಕೆ ಬರುವ ಯಾವ ಕಾಳೂ ಬ್ಯಾಗಿನಲ್ಲಿ ಇರಬಾರದು. ಹೊರಗಿನ ಬೀಜ ಬಿದ್ದು ಗಿಡ ಆದರೆ ಆ ದ್ವೀಪಗಳ ಕಥೆ ಮುಗಿಯಿತು ಅಂತ ಅವರು ಬ್ಯಾಗ್ ಬಿಚ್ಚಿಸಿ ನೋಡುತ್ತಾರೆ, ನೋಡಬೇಕು ಕೂಡ.

ಮಗುವಿಗೆ ಡಿಯಾಗೊ ಆಮೆಯ ಕಥೆ ಹೇಳಿ ಕರೆದುಕೊಂಡು ಹೋಗು. ಎಸ್ಪನೋಲಾ ದ್ವೀಪದ ಆಮೆಗಳು ಒಂದು ಕಾಲಕ್ಕೆ ಬರೀ ಹದಿನಾಲ್ಕು ಉಳಿದಿದ್ದವು. ಸಾನ್ ಡಿಯಾಗೊ ಮೃಗಾಲಯದಲ್ಲಿದ್ದ ಅದೇ ಜಾತಿಯ ಗಂಡನ್ನು ಕರೆತಂದು ಸಾಕಿ, ಮರಿ ಮಾಡಿಸಿ, ಸುಮಾರು ಎರಡು ಸಾವಿರ ಆಮೆಗಳನ್ನು ಆ ದ್ವೀಪಕ್ಕೆ ಬಿಟ್ಟರು. 2020ರಲ್ಲಿ ಡಿಯಾಗೊ ಕೂಡ ತನ್ನ ದ್ವೀಪಕ್ಕೆ ವಾಪಸ್ ಹೋಯಿತು. ನನಗೆ ಇದನ್ನು ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ.

ಕಗ್ಗಲಡು ಕೊಕ್ಕರೆ, ತುಮಕೂರು

ಅಕ್ಕಾ, ಲಸಿಕೆ ವಿಷಯ ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ, ನಾಳೆಯೇ ಮಾವನ ಡಾಕ್ಟರ್ ಹತ್ತಿರ ಹೋಗುತ್ತೇವೆ. ಕ್ರೂಸ್ ಪಶ್ಚಿಮಕ್ಕೆ, ಆಮೇಲೆ ಎಲ್ಲರೂ ಇಸಬೆಲಾದಲ್ಲಿ, ಇದಕ್ಕೆ ಗುಂಪಿನಲ್ಲಿ ಎಲ್ಲರೂ ಒಪ್ಪಿದರು. ತಿಂಗಳು ಯಾವುದು ಒಳ್ಳೆಯದು? ಮಗುವಿಗೆ ರಜೆ ಏಪ್ರಿಲ್, ಮೇನಲ್ಲಿ ಮಾತ್ರ.

ತಿಪಟೂರು ಕಡೆಯವನು

ಮೇ ಮೊದಲ ವಾರ. ಮಳೆ ಮುಗಿಯುತ್ತಾ ಬಂದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಜೂನ್ ಆದಮೇಲೆ ಮಂಜು, ತಣ್ಣೀರು, ಅಲೆ ಎಲ್ಲಾ ಜಾಸ್ತಿ. ಆಲ್ಬಟ್ರಾಸ್ ಅನ್ನುವ ದೊಡ್ಡ ಕಡಲ ಹಕ್ಕಿಗಳು ಅಷ್ಟು ಹೊತ್ತಿಗೆ ಎಸ್ಪನೋಲಾಗೆ ಬಂದು ಮೊಟ್ಟೆ ಇಡುತ್ತಿರುತ್ತವೆ, ಒಂದು ದಿನ ಜಾಸ್ತಿ ಇದ್ದರೆ ಸಾನ್ ಕ್ರಿಸ್ತೊಬಲ್‌ನಿಂದ ಬೋಟಿನಲ್ಲಿ ಹೋಗಿ ನೋಡಿ ಬರಬಹುದು. ಹದಿನಾರು ಸೀಟಿನ ಹಡಗಿನಲ್ಲಿ ಇಷ್ಟು ಜನಕ್ಕೆ ಒಟ್ಟಿಗೆ ಜಾಗ ಸಿಗುವುದು ಕಷ್ಟ, ಡಾಕ್ಟರ್ ಹೂಂ ಅಂದ ದಿನವೇ ಏಜೆನ್ಸಿಗೆ ಬರೆಯಿರಿ.