ಪದಚರ್ಚೆ: ‘ಆಕ್ಸೆಸಿಬಿಲಿಟಿ’ಗೆ ‘ನಿಲುಕು’, ‘ರೀಸನಬಲ್ ಅಕಾಮಡೇಶನ್’ಗೆ ‘ಅನುವು’ – ಬಂದ ಆಕ್ಷೇಪಗಳಿಗೆ ಉತ್ತರ

ಮಾನ್ಯರೆ,

ವಿಕಲಚೇತನರ ಹಕ್ಕುಗಳ ಸಂದರ್ಭದಲ್ಲಿ ಬರುವ ‘ಆಕ್ಸೆಸಿಬಿಲಿಟಿ’, ‘ರೀಸನಬಲ್ ಅಕಾಮಡೇಶನ್’ ಎಂಬ ಎರಡು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ‘ನಿಲುಕು’, ‘ಅನುವು’ ಆಗಬಹುದೇ ಎಂದು ಈ ಬಳಗದಲ್ಲಿ ಕೇಳಿದ್ದೆ. ಬಂದಿರುವ ಉತ್ತರಗಳನ್ನೆಲ್ಲ ಓದಿದ್ದೇನೆ. ವಿಶ್ವವಿದ್ಯಾನಿಲಯದ ವಿಭಾಗವೊಂದರ ಬಾಗಿಲಿನ ಫಲಕಕ್ಕೆ ಈ ಪದಗಳು ಬೇಕಾಗಿವೆ. ದಾವಣಗೆರೆಯ ಫಲಕದ ಅಂಗಡಿಯವರು ಸೋಮವಾರದೊಳಗೆ ಬರಹ ಅಂತಿಮವಾಗಬೇಕೆಂದು ಹೇಳಿದ್ದಾರೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜು ಅಧ್ಯಾಪಕರ ತರಬೇತಿಗೆ ಸಿದ್ಧವಾಗುತ್ತಿರುವ ಕೈಪಿಡಿಯೂ ಅವೇ ಪದಗಳಿಗಾಗಿ ನಿಂತಿದೆ. ಆದ್ದರಿಂದ ಚರ್ಚೆಯನ್ನು ಮತ್ತೆ ಆ ಎರಡು ಪದಗಳಿಗೆ ತರುತ್ತಿದ್ದೇನೆ. ‘ವಿಕಲಚೇತನ’ ಎಂಬ ಪದದಲ್ಲಿ ಚೇತನಕ್ಕೇ ಊನವನ್ನು ಆರೋಪಿಸಿದಂತಾಗುತ್ತದೆ ಎಂಬ ಆಕ್ಷೇಪ ಗಂಭೀರವಾದುದು. ಆದರೆ ಅದು ಬೇರೆಯದೇ ಎಳೆಯಾಗಿ ನಡೆಯಬೇಕಾದ ಚರ್ಚೆ, ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಮೊದಲಿಗೆ, ಎರಡು ಪದಗಳು ಏಕೆ ಬೇಕು, ‘ಸೌಲಭ್ಯ’ ಎಂಬ ಒಂದೇ ಪದ ಸಾಲದೇ ಎಂದು ಕೇಳಿದವರಿಗೆ ಉತ್ತರ. ಸಾಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ಇರಿಸಿದೆ, ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರ ತೀರ್ಪಿನಲ್ಲಿ ಆ ವ್ಯತ್ಯಾಸವನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಕಟ್ಟಡ, ಪುಸ್ತಕ, ಜಾಲತಾಣಗಳು ಯಾರೂ ಬಂದು ಕೇಳುವ ಮೊದಲೇ ಎಲ್ಲರ ಬಳಕೆಗೆ ಒದಗುವಂತೆ ಇರಬೇಕೆಂಬುದು ಒಂದು ಹೊಣೆ, ಅದು ‘ಆಕ್ಸೆಸಿಬಿಲಿಟಿ’. ಹಾಗಿದ್ದೂ ಒಬ್ಬ ವಿದ್ಯಾರ್ಥಿಗೆ ತನ್ನ ಸ್ಥಿತಿಗೆ ತಕ್ಕಂತೆ ಇನ್ನೇನಾದರೂ ಬೇಕಾದರೆ, ಸಂಸ್ಥೆಗೆ ಅಸಮಂಜಸ ಹೊರೆಯಾಗದ ಮಟ್ಟಿಗೆ ಅದನ್ನು ಒದಗಿಸಬೇಕೆಂಬುದು ಎರಡನೆಯ ಹೊಣೆ, ಅದು ‘ರೀಸನಬಲ್ ಅಕಾಮಡೇಶನ್’. ಈ ಎರಡನೆಯದನ್ನು ನಿರಾಕರಿಸುವುದು ತಾರತಮ್ಯವೇ ಆಗುತ್ತದೆಂದು ಕಾಯ್ದೆಯ ವ್ಯಾಖ್ಯಾನ ಹೇಳುತ್ತದೆ. ಮೆಟ್ಟಿಲ ಪಕ್ಕದಲ್ಲಿ ರ‍್ಯಾಂಪ್ ಇರುವುದು ಮೊದಲನೆಯದಕ್ಕೆ ಸೇರಿದ್ದು. ಬರೆಯಲು ಕೈ ಸಹಕರಿಸದ ಒಬ್ಬ ವಿದ್ಯಾರ್ಥಿನಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ನೇಮಿಸಿ ಗಂಟೆಗೆ 20 ನಿಮಿಷ ಹೆಚ್ಚುವರಿ ಕಾಲಾವಕಾಶ ಕೊಡುವುದು ಎರಡನೆಯದಕ್ಕೆ ಸೇರಿದ್ದು. ಈ ಭೇದ ಪದಗಳಲ್ಲಿ ಕಾಣದಿದ್ದರೆ, ರ‍್ಯಾಂಪ್ ಕಟ್ಟಿಸಿದ ಕಾಲೇಜು ತನ್ನ ಕರ್ತವ್ಯ ಮುಗಿಯಿತೆಂದೇ ತಿಳಿಯುತ್ತದೆ.

ಎರಡನೆಯದಕ್ಕೆ ಈಗ ಓಡಾಡುತ್ತಿರುವ ಅನುವಾದ ‘ಸಮಂಜಸ ಹೊಂದಾಣಿಕೆ’. ನನ್ನ ಮುಖ್ಯ ತಕರಾರು ಇರುವುದೇ ಈ ಪದದ ಮೇಲೆ. ‘ಹೊಂದಾಣಿಕೆ’ ನಮ್ಮ ಕಿವಿಗೆ ಬೀಳುವುದು ‘ಸ್ವಲ್ಪ ಹೊಂದಾಣಿಕೆ ಮಾಡಿಕೊಳ್ಳಿ’ ಎಂಬ ಮಾತಿನಲ್ಲಿ, ಆ ಮಾತಿನ ಕರ್ತೃ ಯಾವಾಗಲೂ ಕೇಳಲು ಬಂದವನೇ. ತರಬೇತಿಯ ಚರ್ಚೆಯೊಂದರಲ್ಲಿ ಅಧ್ಯಾಪಕರೊಬ್ಬರು ಕೈಪಿಡಿಯ ಕರಡನ್ನು ಓದಿ, ‘ಹೌದು, ಆ ಹುಡುಗನೂ ಸ್ವಲ್ಪ ಹೊಂದಿಕೊಂಡು ಹೋಗಬೇಕಲ್ಲ’ ಎಂದು ಸಹಜವಾಗಿಯೇ ಹೇಳಿದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಪದವೇ ಅವರಿಂದ ಹಾಗೆ ಹೇಳಿಸಿತು. ಕಾಯ್ದೆ ಸಂಸ್ಥೆಯ ಮೇಲೆ ಹೊರಿಸಿದ್ದನ್ನು ಕನ್ನಡ ಪದ ವಿದ್ಯಾರ್ಥಿಯ ತಲೆಗೆ ದಾಟಿಸಿಬಿಟ್ಟಿತು. ಹೊಂದು, ಹೊಂದಿಸು, ಹೊಂದಿಕೊಳ್ಳು ಎಂಬ ಮೂರರಲ್ಲಿ ನಮಗೆ ಬೇಕಾದುದು ಎರಡನೆಯದು, ಆದರೆ ನಾಮಪದವಾದಾಗ ಉಳಿಯುವ ಧ್ವನಿ ಮೂರನೆಯದರದು.

ಅದರ ಬದಲು ನಾನು ಸೂಚಿಸಿದ್ದು ‘ಅನುವು’. ‘ಅನುವು ಮಾಡಿಕೊಡು’ ಎಂಬಲ್ಲಿ ಕೊಡುವವರು ಬೇರೆ, ಪಡೆಯುವವರು ಬೇರೆ. ‘ಮಾಡಿಕೊಡು’ ಎಂಬ ಕ್ರಿಯೆ ಹೊಣೆಯನ್ನು ಇರಬೇಕಾದ ಕಡೆಯೇ ಇಡುತ್ತದೆ. ‘ಅನುಕೂಲ’ ಏಕಾಗಬಾರದು ಎಂದು ಇಬ್ಬರು ಕೇಳಿದ್ದಾರೆ. ‘ಅನುಕೂಲ’ ಉಪಕಾರದ ಕಡೆಗೆ ವಾಲುತ್ತದೆ, ಅಧಿಕಾರಿಯ ಮನಸ್ಸಿಗೆ ಬಂದರೆ ಮಾಡಿಕೊಡುವ ಸಂಗತಿಯಂತೆ ಕೇಳಿಸುತ್ತದೆ. ಹಕ್ಕಿನ ಸಂದರ್ಭದಲ್ಲಿ ಅದು ದುರ್ಬಲ.

ಇನ್ನು ಮೊದಲನೆಯ ಪದ. ‘ಪ್ರವೇಶಿಸುವಿಕೆ’ ಎಂದು ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಕಾಣುತ್ತದೆ, ಅದನ್ನೇ ಬಳಸಿ ಎಂದವರು ಒಂದು ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ‘ಪ್ರವೇಶ’ ಎಂದರೆ ಏನೆಂದು ಯೋಚಿಸಿಲ್ಲ. ಜೂನ್, ಜುಲೈ ತಿಂಗಳಲ್ಲಿ ಆ ಫಲಕ ನೋಡಿದವರೆಲ್ಲ ಅರ್ಜಿ ಹಿಡಿದು ಅದೇ ಕೋಣೆಗೆ ಬರುತ್ತಾರೆ. ‘ಲಭ್ಯತೆ’ಯೂ ಕೂಡದು. ಗ್ರಂಥಾಲಯದ ಕಪಾಟಿನಲ್ಲಿ ಪುಸ್ತಕ ಲಭ್ಯವಿದೆ, ಆದರೆ ಗಾಲಿಕುರ್ಚಿಯಲ್ಲಿ ಬಂದವರ ಕೈಗೆ ಅದು ಸಿಗುತ್ತಿಲ್ಲ ಎಂಬುದೇ ನಮ್ಮ ಸಮಸ್ಯೆ.

‘ಸುಗಮ್ಯತೆ’ಯ ಪರವಾಗಿ ಹೆಚ್ಚು ಮಂದಿ ಬರೆದಿದ್ದಾರೆ. 2015ರ ಡಿಸೆಂಬರ್ 3ರಂದು ಆರಂಭವಾದ, ಕೇಂದ್ರ ಸರ್ಕಾರದ ಸುಗಮ್ಯ ಭಾರತ ಅಭಿಯಾನದಿಂದಾಗಿ ಅದು ಸರ್ಕಾರಿ ಕಾಗದಗಳಲ್ಲಿ ನೆಲೆಯೂರಿದೆ ಎಂಬುದು ನಿಜ. ಅದು ತಪ್ಪು ಪದವೆಂದು ನಾನು ಹೇಳುತ್ತಿಲ್ಲ. ಆದರೆ ಗಮನದ, ಅಂದರೆ ಹೋಗುವುದರ, ಅರ್ಥ ಅದರಲ್ಲಿ ಬಲವಾಗಿದೆ, ಆದ್ದರಿಂದ ದಾರಿ, ಬಾಗಿಲು, ಲಿಫ್ಟ್ ಇವುಗಳಿಗೆ ಚೆನ್ನಾಗಿ ಒಪ್ಪುತ್ತದೆ, ಪ್ರಶ್ನೆಪತ್ರಿಕೆಗೆ ಒಪ್ಪುವುದಿಲ್ಲ. ಒಂದು ಕಾಲೇಜಿನಲ್ಲಿ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬರಿಗೆ ಕಂಪ್ಯೂಟರಿನಲ್ಲಿ ಪ್ರಶ್ನೆಪತ್ರಿಕೆ ಕೊಡಲಾಗಿತ್ತು. ಅದನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಲಾಗಿತ್ತು, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿನಲ್ಲಲ್ಲ. ಆ ಫಾಂಟಿನಲ್ಲಿ ಕಣ್ಣಿಗೆ ‘ಕ’ ಎಂದು ಕಾಣುವುದರ ಒಳಗೆ ಇರುವುದು ಇಂಗ್ಲಿಷಿನ ‘ಪಿ’ ಅಕ್ಷರ ಮತ್ತು ಒಂದು ಚಿಹ್ನೆ. ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಒಳಗಿರುವುದನ್ನೇ ಓದುತ್ತದೆ. ‘ಕನ್ನಡ’ ಎಂಬ ಪದ ಬಂದಲ್ಲೆಲ್ಲ ಅರ್ಥವಿಲ್ಲದ ಅಕ್ಷರಗಳ ಸಾಲು ಕೇಳಿಸಿತು. ಆ ವಿದ್ಯಾರ್ಥಿ ಕೋಣೆಗೆ ಸುಗಮವಾಗಿಯೇ ಬಂದಿದ್ದರು, ಕುರ್ಚಿಯಲ್ಲಿ ಕುಳಿತಿದ್ದರು, ಕಡತವೂ ತೆರೆದಿತ್ತು. ಪ್ರಶ್ನೆ ಮಾತ್ರ ಅವರಿಗೆ ನಿಲುಕಲಿಲ್ಲ.

ನಾನು ‘ನಿಲುಕು’ ಎಂದು ಹಟ ಹಿಡಿದಿರುವುದಕ್ಕೆ ಇದೇ ಕಾರಣ. ‘ಎಟುಕು’ ಹೆಚ್ಚಾಗಿ ಕೈಗೆ ಸಂಬಂಧಿಸಿದ್ದು, ಜಾಹೀರಾತುಗಳ ‘ಕೈಗೆಟುಕುವ ದರ’ ಅದನ್ನು ಅಗ್ಗದ ಅರ್ಥಕ್ಕೆ ಎಳೆದಿದೆ. ‘ನಿಲುಕು’ ಕೈಗೂ ಆಗುತ್ತದೆ, ಕಣ್ಣಿಗೆ ನಿಲುಕದ್ದು, ಊಹೆಗೆ ನಿಲುಕದ್ದು, ಬುದ್ಧಿಗೆ ನಿಲುಕದ್ದು ಎಂದು ಇಂದ್ರಿಯಗಳನ್ನೂ ಮನಸ್ಸನ್ನೂ ಒಳಗೊಳ್ಳುತ್ತದೆ. ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುವಾಗ, ಕಲಿಕಾ ನ್ಯೂನತೆಯಿಂದ ಶ್ರವಣದೋಷದವರೆಗೆ ಎಲ್ಲಕ್ಕೂ ಹೊಂದುವ ಕ್ರಿಯಾಪದ ನಮ್ಮಲ್ಲೇ ಇದೆ. ಅದರ ಕಾರಕರಚನೆಯನ್ನೂ ಗಮನಿಸಿ. ‘ಪ್ರಶ್ನೆಪತ್ರಿಕೆ ನನಗೆ ನಿಲುಕುತ್ತಿಲ್ಲ’ ಎಂಬಲ್ಲಿ ಕರ್ತೃ ಪ್ರಶ್ನೆಪತ್ರಿಕೆ, ವಿದ್ಯಾರ್ಥಿ ಚತುರ್ಥಿಯಲ್ಲಿ (‘ಗೆ’ ವಿಭಕ್ತಿಯಲ್ಲಿ) ಇದ್ದಾನೆ. ಕೊರತೆ ವಸ್ತುವಿನಲ್ಲಿದೆಯೇ ಹೊರತು ಮನುಷ್ಯನಲ್ಲಿಲ್ಲ ಎಂದು ವಾಕ್ಯರಚನೆಯೇ ಹೇಳುತ್ತದೆ.

‘ನಿಲುಕು’ ನಿಲ್ ಧಾತುವಿನಿಂದ ಹುಟ್ಟಿದ್ದು, ಆದ್ದರಿಂದ ನಿಲ್ಲಲಾರದವರಿಗೆ ಆ ಪದ ಅವಮಾನ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ವ್ಯುತ್ಪತ್ತಿ ಏನೇ ಇರಲಿ, ‘ಬುದ್ಧಿಗೆ ನಿಲುಕದ್ದು’ ಎನ್ನುವಾಗ ಯಾರಿಗೂ ಎದ್ದು ನಿಲ್ಲುವುದು ನೆನಪಾಗುವುದಿಲ್ಲ. ಬಳಕೆಯಲ್ಲಿ ಇಲ್ಲದ ಅರ್ಥವನ್ನು ಧಾತುವಿನಿಂದ ಅಗೆದು ತೆಗೆದು, ಆ ಕಾರಣಕ್ಕೆ ಜೀವಂತ ಪದವನ್ನು ಕೈಬಿಡುವುದು ವ್ಯಾಕರಣದ ಕೆಲಸವಲ್ಲ.

ಅರಿಸಮಾಸದ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿ ಸಮಾಸ ಮಾಡಬಾರದೆಂಬ, ಆಕ್ಷೇಪ ಎತ್ತಿದ ಹಿರಿಯರಿಗೆ ಗೌರವಪೂರ್ವಕವಾಗಿ ಹೇಳಬೇಕಾದುದಿಷ್ಟು. ‘ನಿಲುಕುವ ಗ್ರಂಥಾಲಯ’ ಎಂಬುದರಲ್ಲಿ ಪೂರ್ವಪದ ಕೃದಂತ (ಧಾತುವಿನಿಂದಾದ ರೂಪ), ಹಾಗಾಗಿ ಇದು ಗಮಕ ಸಮಾಸ, ಗಮಕಕ್ಕೆ ಅರಿಸಮಾಸದ ದೋಷ ತಟ್ಟುವುದಿಲ್ಲ. ‘ಅನುವು ವಿಭಾಗ’ದ ವಿಷಯದಲ್ಲಿ ಆಕ್ಷೇಪ ನಿಲ್ಲಬಹುದು. ಆದರೆ ಅಂಥದೇ ಬೆರಕೆಯ ‘ಬೆಳೆ ಪರಿಹಾರ’ಕ್ಕಾಗಿ ಚಳ್ಳಕೆರೆಯ ರೈತರು ಅರ್ಜಿ ಬರೆಯುವಾಗ ಯಾರೂ ತಡೆಯಲಿಲ್ಲವೆಂಬುದನ್ನು ನೆನಪಿಸಬಯಸುತ್ತೇನೆ.

‘ಆಕ್ಸೆಸಿಬಿಲಿಟಿ’ ಎಂದೇ ಬರೆಯಿರಿ, ಎರವಲಿಗೆ ಏಕಿಷ್ಟು ಮಡಿ ಎಂದವರೊಡನೆ ಅರ್ಧ ದಾರಿ ನಡೆಯುತ್ತೇನೆ. ರ‍್ಯಾಂಪ್, ಬ್ರೈಲ್, ಸ್ಕ್ರೀನ್ ರೀಡರ್, ಯು.ಡಿ.ಐ.ಡಿ. ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇವು ಹಾಗೆಯೇ ಇರಲಿ. ಇವನ್ನು ಕನ್ನಡಿಸಲು ಹೊರಟವರು ವಿದ್ಯಾರ್ಥಿಗಳಿಗೆ ಉಪಕಾರ ಮಾಡುತ್ತಿಲ್ಲ. ವಸ್ತುವಿನ ಹೆಸರು ಎಲ್ಲಿಂದ ಬಂದರೂ ವಸ್ತು ಎದುರಿಗಿರುತ್ತದೆ. ಆದರೆ ಇಲ್ಲಿ ಬೇಕಾಗಿರುವುದು ಕೇಳುವ ಮಾತು. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಮೊದಲ ಬಾರಿಗೆ ಪದವಿ ತರಗತಿಗೆ ಬಂದ ವಿದ್ಯಾರ್ಥಿನಿ ಪ್ರಾಂಶುಪಾಲರ ಮುಂದೆ ನಿಂತು, ‘ಸರ್, ಈ ಪಾಠ ನನಗೆ ನಿಲುಕುತ್ತಿಲ್ಲ, ಅನುವು ಮಾಡಿಕೊಡಿ’ ಎನ್ನಬಲ್ಲಳು. ‘ಆಕ್ಸೆಸಿಬಿಲಿಟಿ’ಯನ್ನಾಗಲಿ ‘ಸುಗಮ್ಯತೆ’ಯನ್ನಾಗಲಿ ಅವಳು ಕ್ರಿಯಾಪದವಾಗಿ ತಿರುಗಿಸಲಾರಳು, ಪಕ್ಕದಲ್ಲಿ ಯಾರಾದರೂ ನಿಂತು ಅವಳ ಪರವಾಗಿ ಹೇಳಬೇಕಾಗುತ್ತದೆ.

ಫಲಕದ ಬಗ್ಗೆ ಇನ್ನೊಂದು ಮಾತು. ಅದರ ಕೆಳಗೆ ಬ್ರೈಲ್ ಸಾಲೂ ಇರುತ್ತದೆ. ಬ್ರೈಲಿನಲ್ಲಿ ಸ್ವರಚಿಹ್ನೆಗೂ ಒಂದು ಮನೆ (ಚುಕ್ಕಿಗಳ ಒಂದು ಗುಂಪು), ಒತ್ತಕ್ಷರ ಬಂದರೆ ಹಲಂತದ ಗುರುತಿಗೂ ಒಂದು ಮನೆ ಬೇಕು. ‘ಸುಗಮ್ಯತೆ’ 8 ಮನೆ ಹಿಡಿದರೆ ‘ನಿಲುಕು’ 6ರಲ್ಲಿ ಮುಗಿಯುತ್ತದೆ. ಬೆರಳಿನಿಂದ ಓದುವವರಿಗೆ ಇದು ಸಣ್ಣ ವಿಷಯವಲ್ಲ.

ಈಗ ಬಳಗದಿಂದ ನನಗೆ ಬೇಕಾಗಿರುವುದು ಎರಡೇ ಉತ್ತರಗಳು. ‘ನಿಲುಕಿಸು’ ಎಂಬ ಪ್ರೇರಣಾರ್ಥಕ ರೂಪ ಹಿರಿಯೂರು, ಹೊಸದುರ್ಗದ ಕಡೆ ಆಡುಮಾತಿನಲ್ಲಿ ಇದೆಯೇ, ಇದ್ದರೆ ಯಾವ ಅರ್ಥದಲ್ಲಿ? ಇಲ್ಲವಾದರೆ ಕೈಪಿಡಿಯಲ್ಲಿ ‘ನಿಲುಕುವಂತೆ ಮಾಡು’ ಎಂದೇ ಉಳಿಸುತ್ತೇನೆ. ಮತ್ತು ಫಲಕದಲ್ಲಿ ‘ನಿಲುಕು ಮತ್ತು ಅನುವು ವಿಭಾಗ’ ಎಂದು ಬರೆಸುವುದಕ್ಕೆ, ಅರಿಸಮಾಸದ ಹೊರತಾಗಿ, ಅರ್ಥದ ದೃಷ್ಟಿಯಿಂದ ಯಾರಿಗಾದರೂ ಆಕ್ಷೇಪವಿದೆಯೇ? ಭಾನುವಾರ ಸಂಜೆಯೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,
ದಾವಣಗೆರೆಯಿಂದ