1858ರ ಕೊಪ್ಪಳ ಕೋಟೆ ದೃಶ್ಯಕ್ಕೆ ಪಿಸ್ತೂಲು: ಯಾವುದು ಸರಿ, ಹೇಗೆ ಮಾಡಿಸೋದು?

ಗಂಗಾವತಿ_ಫ್ರೇಮ್:
ನಮಸ್ಕಾರ್ರಿ. ಮುಂಡರಗಿ ಭೀಮರಾಯರು 1858ರಲ್ಲಿ ಕೊಪ್ಪಳ ಕೋಟೆ ಹಿಡಿದು ಕಾದಾಡಿದ ಕಥೆ ಮೇಲೆ ನಾಲ್ಕು ಕಂತಿನ ಸರಣಿ ತಯಾರಾಗ್ತಿದೆ. ಕೊನೇ ಕಂತು 1948ಕ್ಕೆ, ರಜಾಕಾರರ ಕಾಲಕ್ಕೆ ಜಿಗಿಯುತ್ತದೆ. ಕ್ಯಾಮೆರಾ ಹತ್ತಿರ ಬರೋ ಪಿಸ್ತೂಲು ಮೂರು, ಹಿಂದೆ ನಿಲ್ಲೋರ ಸೊಂಟಕ್ಕೆ ಹನ್ನೆರಡು ಬೇಕು. ಬಾಡಿಗೆಗೆ ಸಿಗೋದೆಲ್ಲ ವೆಬ್ಲಿ ಥರದ ಆರು ಗುಂಡಿನ ರಿವಾಲ್ವರ್. ಎರಡೂ ಕಾಲಕ್ಕೆ ಅದನ್ನೇ ಬಳಸಿದರೆ ನಡೆಯುತ್ತದಾ? ಗೌಡರ ಮನೆಯೊಂದರಲ್ಲಿ ಕೇಪಿನ ಹಳೇ ಪಿಸ್ತೂಲಿದೆ, ಕೊಡ್ತೀವಿ ಅಂದಿದ್ದಾರೆ. ಸೆಟ್‌ಗೆ ತರಬಹುದಾ? ಬೆಂಕಿ, ಹೊಗೆಗೆ ಬ್ಲ್ಯಾಂಕ್ (ಮದ್ದಿದ್ದು ಗುಂಡಿಲ್ಲದ ತೋಟಾ) ಬೇಕೇ ಬೇಕಾ?

ಹಳೇನಳಿಗೆ:
1858ಕ್ಕೆ ವೆಬ್ಲಿ ಬೇಡವೇ ಬೇಡ. ಬ್ರಿಟಿಷ್ ಸೇನೆ ವೆಬ್ಲಿ ಮಾರ್ಕ್ 1 ತೆಗೆದುಕೊಂಡದ್ದು 1887ರಲ್ಲಿ. ಭೀಮರಾಯರ ಕಾಲಕ್ಕೆ ಸರಿಹೊಂದೋದು ಒಂದೇ ಗುಂಡಿನ ಕೇಪು ಪಿಸ್ತೂಲು: ಬಾಯಿಂದ ಮದ್ದು-ಗುಂಡು ತುಂಬಿ, ಗಜದಿಂದ (ಮದ್ದು ಜಡಿಯುವ ಸರಳು) ಜಡಿದು, ಕಡೆಗೆ ಕೇಪು (ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿ) ಕೂರಿಸೋದು. ಕಂಪನಿಯ ಕುದುರೆ ಸವಾರರ ಪಿಸ್ತೂಲಿಗೆ ನಳಿಗೆ ಸುಮಾರು 9 ಇಂಚು. ಗಜ ಕಳೆದುಹೋಗದಂತೆ ಮೂತಿಯ ಕೆಳಗೆ ಕೀಲು ಹಾಕಿ ಜೋಡಿಸಿರುತ್ತಿದ್ದರು. ಪಕ್ಕದ ಲೋಹದ ಪಟ್ಟಿ ಮೇಲೆ ಕಿರೀಟ ಹಿಡಿದ ಸಿಂಹದ ಗುರುತು. ಕ್ಲೋಸಪ್ ಇದ್ದರೆ ಇದನ್ನು ಬಿಡಬೇಡಿ, ಕಂಪನಿ ಸರ್ಕಾರ ಅಂತ ಸಂಭಾಷಣೆ ಇಲ್ಲದೆಯೇ ಹೇಳಿಬಿಡುತ್ತದೆ. ಇಂಗ್ಲಿಷ್ ಅಧಿಕಾರಿಗಳು ರಿವಾಲ್ವರನ್ನು ಸ್ವಂತ ದುಡ್ಡಲ್ಲಿ ಕೊಳ್ಳುತ್ತಿದ್ದರು. ಐದು ಗುಂಡಿನ ಆಡಮ್ಸ್, ಆರು ಗುಂಡಿನ ಕೋಲ್ಟ್ ನೇವಿ, ಎರಡೂ 1851ರವು. ಒಬ್ಬ ಅಧಿಕಾರಿಯ ಕೈಗೆ ಒಂದು ಕೊಟ್ಟರೆ ತಪ್ಪಿಲ್ಲ.

ಇದರಿಂದ ಹೊಡೆದಾಟದ ಸಂಯೋಜನೆಯೇ ಬದಲಾಗುತ್ತದೆ. ಒಬ್ಬನಿಗೆ ಒಂದೇ ಈಡು. ಮತ್ತೆ ತುಂಬೋಕೆ ಅರ್ಧ ನಿಮಿಷ ಬೇಕು, ಅಷ್ಟು ಹೊತ್ತು ಎದುರಾಳಿ ಕಾಯೋದಿಲ್ಲ. ಈಡು ಹೋದ ಮೇಲೆ ಪಿಸ್ತೂಲು ತಿರುಗಿಸಿ ಹಿಡಿಯಿಂದ ಬಡಿಯೋದು, ಇಲ್ಲವೇ ಸೊಂಟಕ್ಕೆ ಸಿಕ್ಕಿಸಿ ಕತ್ತಿ ಹಿರಿಯೋದು. ಪಿಸ್ತೂಲಿನ ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಮೊದಲು ಅರ್ಧಕ್ಕೆ ನಿಲ್ಲುತ್ತದೆ, ಹೊಡೆಯುವ ಮುನ್ನ ಪೂರ್ತಿ ಎಳೆಯಬೇಕು. ನಟರು ಮರೆಯೋದು ಇದನ್ನೇ.

1948ಕ್ಕೆ ವೆಬ್ಲಿ ಸರಿ, .38 ಎನ್‌ಫೀಲ್ಡ್ ಕೂಡ ಸರಿ. ಅದು ನಡುವೆ ಮುರಿದು ತೆರೆಯುವ ರಿವಾಲ್ವರ್: ನಳಿಗೆ ಕೆಳಗೆ ಬಾಗಿದಾಗ ಆರೂ ಖಾಲಿ ತೋಟಾ ಒಟ್ಟಿಗೆ ಮೇಲೇಳುತ್ತವೆ. ಗುಂಡಿನ ಉರುಳೆ ಪಕ್ಕಕ್ಕೆ ಹೊರಳೋದಿಲ್ಲ, ಸೇಫ್ಟಿ ಗುಂಡಿ ಇರೋದಿಲ್ಲ. ಆದ್ದರಿಂದ "ಸೇಫ್ಟಿ ತೆಗೆ" ಅನ್ನೋ ಮಾತು, ಆ ಟಿಕ್ ಸದ್ದು ಎರಡನ್ನೂ ಕತ್ತರಿಸಿ. 1938ರ ನಂತರದ ಎನ್‌ಫೀಲ್ಡ್ ಮಾರ್ಕ್ 1 ಸ್ಟಾರ್‌ಗೆ ಕುದುರೆಯ ಬಾಲವೇ ಇಲ್ಲ, ಹೆಬ್ಬೆರಳಲ್ಲಿ ಎಳೆಯೋಕೆ ಬರೋದಿಲ್ಲ. ಇನ್ನು ರಜಾಕಾರರ ಗುಂಪಿನಲ್ಲಿ ಎಲ್ಲರ ಕೈಗೂ ಪಿಸ್ತೂಲು ಕೊಟ್ಟರೆ ನಗೆಪಾಟಲು. ಮುಂದಾಳಿಗೊಂದು ಸಾಕು. ಉಳಿದವರಿಗೆ ಮದ್ದು ತುಂಬುವ ಬಂದೂಕು, ಭರ್ಚಿ, ಕತ್ತಿ ಕೊಡಿ.

ಕಟ್ಟಿಗೆ_ಕೆಲಸ_ಕೊಪ್ಪಳ:
ಮಾಡ್ಸೋದು ಹೇಳ್ತೀನಿ ನೋಡ್ರಿ. ಸೊಂಟಕ್ಕ ಸಿಗಿಸೋ ಹನ್ನೆರಡಕ್ಕ ರೊಕ್ಕ ಸುರಿಬ್ಯಾಡ್ರಿ. ಕಿನ್ನಾಳದಾಗ ಹಗುರ ಕಟ್ಟಿಗಿ ಕೆತ್ತೋರು ಅದಾರ. ಹುಣಸೆ ಬೀಜದ ಅಂಟು, ಕಟ್ಟಿಗಿ ಹೊಟ್ಟು ಕಲಸಿ ಸಂದು ಮೆತ್ತೋದು ಅವರಿಗೆ ನೀರು ಕುಡದಂಗ. ದೂರದ ಶಾಟಿಗೆ ಅಷ್ಟ ಸಾಕು, ಓಡುವಾಗ ಸೊಂಟಾನೂ ಜಗ್ಗಂಗಿಲ್ಲ.

ಹತ್ತಿರದ ಮೂರಕ್ಕ ಹಿಡಿ ಸಾಗವಾನಿ, ನಳಿಗಿ ಗಟ್ಟಿ ಅಲ್ಯೂಮಿನಿಯಂ ಸರಳು. ಪೈಪ್ ಬ್ಯಾಡ್ರಿ, ಆರ್‌ಪಾರ್ ತೂತಿರೋ ಕಬ್ಬಿಣದ ಪೈಪ್ ಅಂತೂ ಬ್ಯಾಡೇ ಬ್ಯಾಡ. ಮೂತಿ ಕಡೆಯಿಂದ 20 ಮಿಲಿಮೀಟರ್ ಅಷ್ಟ ಕೊರಸ್ರಿ, ಒಳಗ ಕಪ್ಪು ಬಳಸ್ರಿ, ಕ್ಯಾಮೆರಾಕ್ಕ ಪೂರಾ ತೂತು ಕಂಡಂಗ ಕಾಣತೈತಿ. ಕೇಪು ಕೂಡೋ ಮೊಲೆನೂ ಗಟ್ಟಿ ಇರಲಿ, ತೂತು ಹಾಕಬ್ಯಾಡ್ರಿ. ಕುದುರಿಗೆ ಬಿರುಸು ಸ್ಪ್ರಿಂಗ್ ಹಾಕಿದ್ರ ನಟನ ಹೆಬ್ಬೆರಳು ಜಜ್ಜತೈತಿ. ಅರಿಬಿ ಒಣಗಿಸೋ ಕ್ಲಿಪ್ಪಿನ ಸ್ಪ್ರಿಂಗ್ ಸಾಕು.

ಬಿದ್ದು ಹೊಡದಾಡೋ ಶಾಟಿಗೆ ರಬ್ಬರ್ ನಕಲು ಬೇರೆ ಮಾಡ್ಸ್ರಿ. ಸಿಲಿಕಾನ್ ಅಚ್ಚು ತಗದು ಪಾಲಿಯುರೆಥೇನ್ ಹೊಯ್ಯೋದು. ಇಲ್ಲಿ ಕೆಡೋದು ಬಿಸಿಲಿಗೆ. ಡಬ್ಬಿ ಮ್ಯಾಲ ಬರದ ಟೈಮು 25 ಡಿಗ್ರಿ ಲೆಕ್ಕದ್ದು, ನಮ್ಮ ರಾಯಚೂರು-ಬಳ್ಳಾರಿ ಕಡೆ ಏಪ್ರಿಲ್‌ದಾಗ 40 ದಾಟತೈತಿ. ಹತ್ತು ಡಿಗ್ರಿ ಏರಿದ್ರ ಟೈಮು ಅರ್ಧಕ್ಕ ಇಳಿತೈತಿ, ಅಚ್ಚಿಗೆ ಹೋಗೋದ್ರಾಗ ಬಟ್ಟಲದಾಗ ಗಟ್ಟಿ ಆಕ್ಕೈತಿ. ಬೆಳಗ್ಗೆ ಆರಕ್ಕ ಕಲಸ್ರಿ. ಮಳಿಗಾಲದಾಗ ಬ್ಯಾರೆ ತ್ರಾಸ: ಹಸಿ ಹಿಡದು ಒಳಗ ಗುಳ್ಳಿ ಏಳತಾವು. ಅಚ್ಚಿನ ಮೂಲ ಮಾದರಿಗೆ ಗಂಧಕ ಇರೋ ಮಣ್ಣು ಬಳಸಿದ್ರ ಪ್ಲಾಟಿನಂ ಸಿಲಿಕಾನ್ ಅಂಟಂಟಾಗೇ ಉಳಿತೈತಿ, ಗಟ್ಟಿ ಆಗಂಗಿಲ್ಲ.

ಬಣ್ಣದ ಮಾತು. ಎಲ್ಲಾರೂ ತುಕ್ಕು ಹಚ್ಚತಾರ, ಹಳೇದು ಕಾಣಲಿ ಅಂತ. 1858ರಾಗ ಅದು ಹಳೇದಲ್ರಿ, ದಿನಾ ಎಣ್ಣಿ ಒರೆಸಿ ಬಳಸೋ ಹತ್ಯಾರ. ಕಪ್ಪು ಬಳದು ಒಣಗಿದ ಮ್ಯಾಲ ಪೆನ್ಸಿಲ್ ಪುಡಿ ತಿಕ್ಕಿದ್ರ ಲೋಹದ ಹೊಳಪು ಬರತೈತಿ. ಸವೆತ ಬೇಕಂದ್ರ ಕೈ ಆಡೋ ಕಡೆ ಅಷ್ಟ. ಹಿತ್ತಾಳಿ ಭಾಗಕ್ಕ ಬಂಗಾರದ ಬಣ್ಣ ಬ್ಯಾಡ, ಖರೇ ಹಿತ್ತಾಳಿ ತಗಡು ಕತ್ತರಿಸಿ ಬಡೀರಿ.

ಗಂಗಾವತಿ_ಫ್ರೇಮ್:
ಭಾಳ ಉಪಕಾರ ಆಯ್ತ್ರಿ. ಹೊಗೆ-ಬೆಂಕಿ? ರಾತ್ರಿ ದೃಶ್ಯದಲ್ಲಿ ಪಂಜು ಹಿಡಿದವರು ಇರ್ತಾರೆ. ಮೂತಿಯಿಂದ ಮೈದಾ ಊದಿಸೋ ಯೋಚನೆ ಇದೆ.

ಎಡಿಟ್_ಬಳ್ಳಾರಿ:
ಪಂಜಿನ ಹತ್ತಿರ ಮೈದಾ ಊದಿಸಬೇಡಿ. ಗಾಳಿಯಲ್ಲಿ ತೇಲುವ ಹಿಟ್ಟು ಭುಗ್ಗನೆ ಹೊತ್ತುತ್ತದೆ.

ಬ್ಲ್ಯಾಂಕೂ ಬೇಡ. ನಿಜವಾಗಿ ಹಾರಿಸಿದರೂ ಕ್ಯಾಮೆರಾಗೆ ಸಿಗುವ ಖಾತ್ರಿ ಇಲ್ಲ: ಬೆಂಕಿ ಇರೋದು ಕೆಲವೇ ಮಿಲಿಸೆಕೆಂಡು, ಶಟರ್ ಪ್ರತಿ ಫ್ರೇಮಿನ ಅರ್ಧ ಹೊತ್ತು ಮುಚ್ಚಿರುತ್ತದೆ. ಸಿಕ್ಕರೂ ರೋಲಿಂಗ್ ಶಟರಿನಲ್ಲಿ (ಚಿತ್ರವನ್ನು ಸಾಲು ಸಾಲಾಗಿ ಹಿಡಿಯುವ ಕ್ಯಾಮೆರಾ) ಅರ್ಧ ಚಿತ್ರಕ್ಕಷ್ಟೇ ಬೆಳಕು ಬಿದ್ದು ಪಟ್ಟೆ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಕೂರಿಸಿ. ಕೇಪಿನ ಪಿಸ್ತೂಲಿಗೆ ಬೆಂಕಿ ಎರಡು ಕಡೆ, ಕುದುರೆ ಬುಡದಲ್ಲಿ ಸಣ್ಣ ಕಿಡಿ, ಮೂತಿಯಲ್ಲಿ ಹಳದಿ ಜ್ವಾಲೆ. ಬರೀ ಮೂತಿಗೆ ಹಾಕಿದರೆ ಆಧುನಿಕ ಪಿಸ್ತೂಲಿನಂತೆ ಕಾಣುತ್ತದೆ. ಜ್ವಾಲೆ ಒಂದು ಫ್ರೇಮ್ ಸಾಕು. ಅದೇ ಕ್ಷಣಕ್ಕೆ ನಟನ ಮುಖಕ್ಕೆ ಎಲ್‌ಇಡಿ ಪ್ಯಾನಲ್‌ನಿಂದ ಎರಡು ಫ್ರೇಮ್ ಬೆಳಕು, 25 ಫ್ರೇಮಿನ ಲೆಕ್ಕದಲ್ಲಿ 80 ಮಿಲಿಸೆಕೆಂಡು. ಇದೊಂದು ಇಲ್ಲದಿದ್ದರೆ ಎಷ್ಟು ಚೆಂದದ ಜ್ವಾಲೆಯೂ ಅಂಟಿಸಿದಂತೆಯೇ.

ಕರಿಮದ್ದಿನ ಹೊಗೆ ದಟ್ಟ, ಬಿಳಿ. ಕಪ್ಪು ಬಟ್ಟೆ ಮುಂದೆ ಲೋಬಾನದ ಹೊಗೆಯನ್ನು ಪಕ್ಕದಿಂದ ಬೆಳಕು ಬಿಟ್ಟು ಚಿತ್ರಿಸಿಕೊಳ್ಳಿ, ಸ್ಕ್ರೀನ್ ಮೋಡ್‌ನಲ್ಲಿ (ಕಪ್ಪು ಮಾಯವಾಗಿ ಹೊಗೆಯಷ್ಟೇ ಉಳಿಯುವ ಎಡಿಟಿಂಗ್ ಆಯ್ಕೆ) ಮೇಲಿಡಿ. ಬೆಟ್ಟದ ಮೇಲೆ ಗಾಳಿ ಜೋರು. ಬಾವುಟ ಯಾವ ಕಡೆ ಹಾರುತ್ತಿದೆಯೋ ಹೊಗೆಯೂ ಆ ಕಡೆಗೇ ಹೋಗಬೇಕು.

ಹಳೇನಳಿಗೆ:
ಗೌಡರ ಮನೆ ಪಿಸ್ತೂಲಿನ ಬಗ್ಗೆ ಯಾರೂ ಹೇಳಲಿಲ್ಲ. ಸೆಟ್‌ಗೆ ತರಬೇಡಿ. ಆರ್ಮ್ಸ್ ಆ್ಯಕ್ಟ್ 1959ರ ಸೆಕ್ಷನ್ 45ರಲ್ಲಿ ಹಳೇ ಕಾಲದ ಆಯುಧಕ್ಕೆ ವಿನಾಯಿತಿ ಇದೆ. ಆದರೆ ಅದು ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿ ಇರುವುದಕ್ಕೆ ಮಾತ್ರ. ಹಾರುವಂಥದ್ದಾದರೆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದರೂ ಮನೆಯವರ ಹೆಸರಿಗೆ, ನಿಮ್ಮ ನಟನ ಹೆಸರಿಗಲ್ಲ. ನಕಲಿಯನ್ನು ಹಾರುವಂತೆ ತಿದ್ದೋದಕ್ಕೂ ಸೆಕ್ಷನ್ 6ರ ಪ್ರಕಾರ ಲೈಸೆನ್ಸ್ ಬೇಕು.

ಇನ್ನೂ ದೊಡ್ಡ ಅಪಾಯ, ಬಾಯಿಂದ ತುಂಬುವ ಹಳೇ ಪಿಸ್ತೂಲುಗಳು ಎಷ್ಟೋ ಸಲ ತುಂಬಿಯೇ ಇರುತ್ತವೆ. ಕರಿಮದ್ದು ಒಣಗಿದ್ದರೆ ದಶಕಗಳಾದರೂ ಸಾಯೋದಿಲ್ಲ. ಅಳತೆಗೋ ಫೋಟೋಗೋ ಮುಟ್ಟೋದಾದರೂ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರನ್ನು ಮೊದಲು ಕರೆಸಿ. ಅವರು ಮೂತಿಯಿಂದ ಕಟ್ಟಿಗೆ ಕಡ್ಡಿ ಇಳಿಸಿ ಗುರುತು ಹಾಕಿ, ಅದೇ ಕಡ್ಡಿಯನ್ನು ಹೊರಗಡೆ ಮೊಲೆಯ ತನಕ ಇಟ್ಟು ಹೋಲಿಸುತ್ತಾರೆ. ಎರಡು-ಮೂರು ಸೆಂಟಿಮೀಟರ್ ಕಮ್ಮಿ ಬಂದರೆ ಒಳಗೇನೋ ಇದೆ ಅಂತ ಅರ್ಥ.

1948ರ ರಿವಾಲ್ವರಿಗೆ ತುಂಬುವ ದೃಶ್ಯ ಇದ್ದರೆ ಡಮ್ಮಿ ತೋಟಾದ ಪಕ್ಕಕ್ಕೆ ತೂತು ಕೊರೆಸಿ, ಹಿಂದಿನ ಪ್ರೈಮರ್ (ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ತೆಗೆಸಿ. 1993ರಲ್ಲಿ ನಟ ಬ್ರಾಂಡನ್ ಲೀ ಸತ್ತದ್ದು ಇಲ್ಲಿಯ ಎಡವಟ್ಟಿಗೇ: ಡಮ್ಮಿಯಲ್ಲಿ ಉಳಿದಿದ್ದ ಪ್ರೈಮರ್ ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಸಿಕ್ಕಿಸಿತ್ತು, ಯಾರೂ ನೋಡಲಿಲ್ಲ, ಆಮೇಲೆ ಹಾರಿಸಿದ ಬ್ಲ್ಯಾಂಕ್ ಅದನ್ನು ಹೊರಗೆ ಹೊಡೆಯಿತು.

ಚಿತ್ರೀಕರಣದ ದಿನ, ಜಾಗ ಮತ್ತು ಹದಿನೈದು ನಕಲಿಗಳ ಫೋಟೋ ಸಮೇತ ಠಾಣೆಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪ್ರತಿ ಜೇಬಲ್ಲಿರಲಿ. ಕೋಟೆಗೆ ಪುರಾತತ್ವ ಇಲಾಖೆಯನ್ನು ಬೇರೆ ಕೇಳಬೇಕು. ಬಸ್ಸಲ್ಲಿ ಸಾಗಿಸೋದಾದರೆ ಮುಚ್ಚಿದ ಪೆಟ್ಟಿಗೆಯಲ್ಲೇ.